ಸರ್ವರ್ ನಿಲ್ಲಿಸದೆ ಕಾನ್ಫಿಗ್ ಫೈಲ್ ಮತ್ತೆ ಓದಿಸುವುದು: ಬೇಕಾ, ಬೇಡ್ವಾ?

ಹೊಸ_ಚಿಗುರು:
ನಮ್ಮದೊಂದು ಜಾವಾ ಅಪ್ಲಿಕೇಶನ್. ಟೈಮ್‌ಔಟ್, ಹೊರಗಿನ ಸೇವೆಗಳ ವಿಳಾಸ, ಡೇಟಾಬೇಸ್ ವಿವರ, ಫೀಚರ್ ಆನ್-ಆಫ್ ಮಾಡುವ ಸಾಲುಗಳು, ಎಲ್ಲ ಒಂದೇ ಪ್ರಾಪರ್ಟೀಸ್ ಫೈಲಿನಲ್ಲಿವೆ (ಸಾಲಿಗೊಂದು ಹೆಸರು, ಅದರ ಮೌಲ್ಯ; ಇದೇ ನಮ್ಮ ಕಾನ್ಫಿಗ್). ಒಂದು ಸಂಖ್ಯೆ ಬದಲಿಸಬೇಕಾದರೂ ಸರ್ವರ್ ರೀಸ್ಟಾರ್ಟ್ ಮಾಡಬೇಕು. ಅದು ಏಳುವಷ್ಟರಲ್ಲಿ ಬಂದ ರಿಕ್ವೆಸ್ಟ್‌ಗಳೆಲ್ಲ ಫೇಲ್. ಒಂದು ಥ್ರೆಡ್ (ಪಕ್ಕದಲ್ಲೇ ಓಡುವ ಕೆಲಸದ ಎಳೆ) ಇಟ್ಟು ಆಗಾಗ ಫೈಲನ್ನು ಮತ್ತೆ ಲೋಡ್ ಮಾಡಿದರೆ ಸಾಕಲ್ವಾ?

ಪಹರೆಯವ:
ಸುಮ್ನೆ ಯಾಕೆ ಆಗಾಗ ಓದುತ್ತೀರಿ? ಜಾವಾ 7ರಿಂದಲೇ ವಾಚ್‌ಸರ್ವೀಸ್ ಇದೆ. ಫೈಲ್ ಬದಲಾದಾಗ ಅದೇ ಹೇಳುತ್ತದೆ. ಲಿನಕ್ಸ್‌ನಲ್ಲಿ ಒಳಗೆ ಐನೋಟಿಫೈ (ಫೈಲ್ ಬದಲಾವಣೆ ತಿಳಿಸುವ ಕರ್ನೆಲ್‌ನ ಸೌಲಭ್ಯ) ಬಳಸುತ್ತದೆ, ಹಾಗಾಗಿ ಖರ್ಚು ಕಡಿಮೆ. ಒಂದೆರಡು ವಿಷಯ ಗಮನದಲ್ಲಿರಲಿ. ಅದು ಕಾಯುವುದು ಡೈರೆಕ್ಟರಿಯನ್ನು, ಒಂದು ಫೈಲನ್ನಲ್ಲ. ಸುದ್ದಿ ಬಂದ ಮೇಲೆ ಕೀಯನ್ನು (ಆ ಡೈರೆಕ್ಟರಿ ಕಾಯಲು ಹೇಳಿದಾಗ ಸಿಕ್ಕ ಆಬ್ಜೆಕ್ಟ್) ರೀಸೆಟ್ ಮಾಡಬೇಕು. ಮರೆತರೆ ಮೊದಲ ಬದಲಾವಣೆ ಗೊತ್ತಾಗುತ್ತದೆ, ಆಮೇಲೆ ಸದ್ದೇ ಇರುವುದಿಲ್ಲ.

ಹಳೇ_ಹುಲಿ:
ಟೆಸ್ಟ್ ಮಾಡುವಾಗ ಇದು ಚೆನ್ನಾಗೇ ಓಡುತ್ತದೆ. ಪ್ರೊಡಕ್ಷನ್‌ಗೆ ಬಂದಾಗ ತಮಾಷೆ ಶುರು. ಫೈಲ್ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಡಿಸ್ಕ್) ಮೇಲಿದ್ದು, ಬೇರೆ ಯಂತ್ರದಿಂದ ಯಾರೋ ತಿದ್ದಿದರೆ ಐನೋಟಿಫೈಗೆ ಗೊತ್ತೇ ಆಗುವುದಿಲ್ಲ. ಕೆಲವು ಎಡಿಟರ್‌ಗಳು ಹೊಸ ಫೈಲ್ ಬರೆದು ಹಳೆಯದರ ಹೆಸರಿಗೆ ಬದಲಿಸುತ್ತವೆ. ಆಗ ಮಾಡಿಫೈ (ಬದಲಾಯಿತು) ಸುದ್ದಿಗೆ ಕಾಯುತ್ತಿದ್ದರೆ ಕ್ರಿಯೇಟ್ (ಹೊಸದು ಹುಟ್ಟಿತು) ಬರುತ್ತದೆ. ಇನ್ನು ಕೆಲವು ಸಲ ಒಂದೇ ಸೇವ್‌ಗೆ ಎರಡು ಮೂರು ಸುದ್ದಿ. ಮೊದಲನೆಯದಕ್ಕೇ ಓದಲು ಓಡಿದರೆ ಅರ್ಧ ಬರೆದ ಫೈಲ್ ಸಿಗುತ್ತದೆ.

ಅದಕ್ಕಿಂತ ನಿಗದಿತ ಹೊತ್ತಿಗೊಮ್ಮೆ ಫೈಲಿನ ಸಮಯ ಮತ್ತು ಅಳತೆ ನೋಡುವುದೇ ವಾಸಿ. ಲಾಗ್ ಬರೆಯುವ ಲೈಬ್ರರಿ ಲಾಗ್‌ಬ್ಯಾಕ್‌ನಲ್ಲಿ ಸ್ಕ್ಯಾನ್ ಆನ್ ಮಾಡಿದರೆ ಆಗುವುದೂ ಹೆಚ್ಚುಕಮ್ಮಿ ಇದೇ, ಬೇರೆ ಹೇಳದಿದ್ದರೆ ನಿಮಿಷಕ್ಕೊಮ್ಮೆ. ಅಂಥದ್ದೇ ಇನ್ನೊಂದು ಲೈಬ್ರರಿ ಲಾಗ್‌4ಜೆ 2ರಲ್ಲಿ ಮಾನಿಟರ್ ಇಂಟರ್ವಲ್ ಅಂತ ಕೊಡುತ್ತಾರೆ. ಯಾರೂ ದೂರಿದ್ದು ಕಾಣೆ.

ಪಹರೆಯವ:
ಎನ್‌ಎಫ್‌ಎಸ್ ಮಾತು ಒಪ್ಪಿದೆ. ಉಳಿದದ್ದಕ್ಕೆಲ್ಲ ಉಪಾಯ ಇದೆ. ಸುದ್ದಿ ಬಂದ ಮೇಲೆ ಸ್ವಲ್ಪ ತಡೆದು ಓದಿ, ಕ್ರಿಯೇಟ್ ಸುದ್ದಿಗೂ ಕಿವಿಗೊಡಿ, ಅಷ್ಟೇ.

ರಾತ್ರಿ_ಪಾಳಿ:
ನನ್ನದು ಬೇರೆ ರಾಗ. ಇದೆಲ್ಲ ಬೇಡ, ರೀಸ್ಟಾರ್ಟ್ ಮಾಡಿ. ಆದರೆ ಒಂದಾದ ಮೇಲೊಂದು. ತಪ್ಪು ಮೌಲ್ಯ ಬರೆದು ಮೊದಲ ಸರ್ವರ್ ಎಬ್ಬಿಸಿದಾಗ ಹೆಲ್ತ್ ಚೆಕ್ (ಸರ್ವರ್ ಸರಿಯಾಗಿದೆಯಾ ಎಂಬ ಪರೀಕ್ಷೆ) ಫೇಲ್ ಆಗುತ್ತದೆ, ಅಲ್ಲಿಗೇ ನಿಲ್ಲಿಸುತ್ತೀರಿ. ಉಳಿದವು ಹಳೆಯ ಮೌಲ್ಯದಲ್ಲೇ ಓಡುತ್ತಿರುತ್ತವೆ. ತಾನಾಗಿಯೇ ಓದುವ ವ್ಯವಸ್ಥೆಯಲ್ಲಿ ಅದೇ ತಪ್ಪು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಎಲ್ಲ ಸರ್ವರ್‌ಗೂ ಹೋಗುತ್ತದೆ. ಆ ಹೊತ್ತಿನಲ್ಲಿ ಫೋನ್ ಬರುವುದು ಕೋಡ್ ಬರೆದವರಿಗಲ್ಲ, ನನಗೆ.

ಹೊಸ_ಚಿಗುರು:
ಸೆಷನ್‌ಗಳೆಲ್ಲ (ಯಾರು ಲಾಗಿನ್ ಆಗಿದ್ದಾರೆ ಎಂಬ ವಿವರ) ಸರ್ವರ್ ಮೆಮೊರಿಯಲ್ಲೇ ಇವೆ. ರೀಸ್ಟಾರ್ಟ್ ಅಂದರೆ ಆ ಸರ್ವರ್‌ನಲ್ಲಿದ್ದವರೆಲ್ಲ ಮತ್ತೆ ಲಾಗಿನ್ ಆಗಬೇಕು.

ರಾತ್ರಿ_ಪಾಳಿ:
ಹಾಗಾದರೆ ನಿಮ್ಮ ರೋಗ ಸೆಷನ್‌ನದ್ದು. ಔಷಧಿ ಮಾತ್ರ ಕಾನ್ಫಿಗ್‌ಗೆ ಹುಡುಕುತ್ತಿದ್ದೀರಿ.

ದಾರದ_ಉಂಡೆ:
ಫೈಲ್ ಬದಲಾದದ್ದು ಹೇಗೆ ಗೊತ್ತಾಗಬೇಕು ಅಂತಲೇ ಇಷ್ಟು ಹೊತ್ತು ಜಗಳ ಆಯಿತು. ಅದು ಇದರಲ್ಲಿ ಸಣ್ಣ ಕೆಲಸ. ಓದಿದ ಮೌಲ್ಯ ಎಲ್ಲೆಲ್ಲಿ ಹೋಗಿ ಕೂತಿದೆ ಅಂತ ಯಾರಾದರೂ ಕೇಳಿದಿರಾ? ಒಂದು ಕ್ಲಾಸ್ ತನ್ನ ಕನ್‌ಸ್ಟ್ರಕ್ಟರ್‌ನಲ್ಲೇ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಟೈಮ್‌ಔಟ್ ಓದಿ ಇಟ್ಟುಕೊಂಡಿರುತ್ತದೆ. ಇನ್ನೊಂದು ಕಡೆ ಸ್ಟಾಟಿಕ್ ಫೈನಲ್, ಅಂದರೆ ಒಮ್ಮೆ ಇಟ್ಟ ಮೇಲೆ ಬದಲಾಗದ್ದು, ಆಗಿರುತ್ತದೆ. ಥ್ರೆಡ್ ಪೂಲ್ ಶುರುವಿನಲ್ಲಿ ಕೊಟ್ಟ ಸಂಖ್ಯೆಯಲ್ಲೇ ಓಡುತ್ತಿರುತ್ತದೆ. ಫೈಲನ್ನು ಎಷ್ಟು ಸಲ ಓದಿದರೂ ಇವುಗಳಿಗೆ ಏನೂ ತಿಳಿಯುವುದಿಲ್ಲ.

ಚಿಗುರು ಅವರೇ, ನೀವು ಹೇಳಿದ ದಾರಿಯಲ್ಲಿ ಇನ್ನೊಂದು ಗುಂಡಿ ಇದೆ. ಇರುವ ಪ್ರಾಪರ್ಟೀಸ್ ಆಬ್ಜೆಕ್ಟ್ ಮೇಲೆಯೇ ಮತ್ತೆ ಲೋಡ್ ಕರೆದರೆ ಹೊಸ ಸಾಲುಗಳು ಸೇರುತ್ತವೆ, ಬದಲಾದವು ಬದಲಾಗುತ್ತವೆ. ಫೈಲಿನಿಂದ ಅಳಿಸಿದ ಸಾಲು ಮಾತ್ರ ಮೆಮೊರಿಯಲ್ಲಿ ಹಾಗೇ ಉಳಿಯುತ್ತದೆ. ಮೊದಲೇ ಖಾಲಿ ಮಾಡಿ ಲೋಡ್ ಮಾಡೋಣ ಅಂದರೆ ಆ ನಡುವೆ ಓದಲು ಬಂದ ಥ್ರೆಡ್‌ಗೆ ನಲ್ (ಏನೂ ಇಲ್ಲ) ಸಿಗುತ್ತದೆ. ಎರಡೂ ಸಾಲದು ಅಂತ ಮೂರನೆಯದು: ವಿಳಾಸ ಹಳೆಯ ಫೈಲಿನದು, ಪೋರ್ಟ್ ಹೊಸದರದು, ಒಂದೇ ರಿಕ್ವೆಸ್ಟ್‌ನಲ್ಲಿ. ಇದನ್ನು ಹುಡುಕಲು ಕೂತರೆ ಲಾಗ್‌ನಲ್ಲಿ ಏನೂ ಕಾಣುವುದಿಲ್ಲ.

ನನ್ನ ದಾರಿ ಹೀಗೆ. ಪ್ರತಿ ಸಲ ಹೊಸ ಆಬ್ಜೆಕ್ಟ್‌ಗೇ ಓದಿ. ಆಮೇಲೆ ಬದಲಿಸಲಾಗದ ಕ್ಲಾಸ್‌ಗೆ ತುಂಬಿ, ಜಾವಾದ ರೆಕಾರ್ಡ್ ಆದರೂ ಸರಿ. ಎಲ್ಲ ಮೌಲ್ಯವನ್ನೂ ಪರೀಕ್ಷಿಸಿ. ಪಾಸಾದರೆ ಮಾತ್ರ ಒಂದು ವೊಲಟೈಲ್ ರೆಫರೆನ್ಸ್ (ಬದಲಿಸಿದ್ದು ಎಲ್ಲ ಥ್ರೆಡ್‌ಗೂ ಕಾಣುವ ಕೊಂಡಿ) ಬದಲಿಸಿ. ಫೇಲಾದರೆ ಹಳೆಯದೇ ಇರಲಿ, ಲಾಗ್‌ನಲ್ಲಿ ಜೋರಾಗಿ ಕೂಗಲಿ. ರಿಕ್ವೆಸ್ಟ್ ಶುರುವಾದಾಗ ಒಮ್ಮೆ ಆ ರೆಫರೆನ್ಸ್ ಹಿಡಿದು, ಮುಗಿಯುವವರೆಗೂ ಅದನ್ನೇ ಬಳಸಬೇಕು. ರಾತ್ರಿ ಪಾಳಿಯವರ ಭಯಕ್ಕೂ ಅರ್ಧ ಉತ್ತರ ಇಲ್ಲಿದೆ.

ರಾತ್ರಿ_ಪಾಳಿ:
ಅರ್ಧ ಮಾತ್ರ. ಟೈಮ್‌ಔಟ್ 3000 ಇದ್ದದ್ದು 300 ಆದರೆ ನಿಮ್ಮ ಪರೀಕ್ಷೆ ಅದನ್ನು ಸರಿ ಅಂತಲೇ ಬಿಡುತ್ತದೆ.

ವಸಂತ_ಮಾಸ:
ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಇಷ್ಟೆಲ್ಲ ಕೈಯಲ್ಲಿ ಬರೆಯಬೇಕಾಗಿಲ್ಲ. ಸ್ಪ್ರಿಂಗ್ ಕ್ಲೌಡ್‌ನಲ್ಲಿ ರಿಫ್ರೆಶ್‌ಸ್ಕೋಪ್ ಇದೆ. ಆಕ್ಚುಯೇಟರ್‌ನ (ಅಪ್ಲಿಕೇಶನ್ ನಿರ್ವಹಣೆಯ ಭಾಗ) ರಿಫ್ರೆಶ್ ವಿಳಾಸಕ್ಕೆ ಒಂದು ಪೋಸ್ಟ್ ರಿಕ್ವೆಸ್ಟ್ ಕಳಿಸಿದರೆ ಆ ಸ್ಕೋಪಿನ ಬೀನ್‌ಗಳು (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್‌ಗಳು) ಮುಂದಿನ ಬಳಕೆಯಲ್ಲಿ ಹೊಸದಾಗಿ ಹುಟ್ಟುತ್ತವೆ.

ದಾರದ_ಉಂಡೆ:
ಚೆನ್ನಾಗಿದೆ. ಆದರೆ ಕಾನ್ಫಿಗ್ ಮೌಲ್ಯ ತುಂಬಿಕೊಳ್ಳುವ ಕಾನ್ಫಿಗರೇಶನ್‌ಪ್ರಾಪರ್ಟೀಸ್ ಬೀನ್‌ಗಳ ಕತೆ ಬೇರೆ. ಅವುಗಳಿಗೆ ಇದ್ದ ಆಬ್ಜೆಕ್ಟ್‌ಗೇ ಹೊಸ ಮೌಲ್ಯ ತುಂಬುತ್ತದೆ. ತುಂಬುತ್ತಿರುವಾಗ ಓದಿದರೆ ಮತ್ತೆ ಅದೇ ಅರ್ಧ ಹಳೆಯದು, ಅರ್ಧ ಹೊಸದು.

ಹಳೇ_ಹುಲಿ:
ಡೇಟಾಬೇಸ್ ಪೂಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಹಿಕಾರಿ ಡೇಟಾಸೋರ್ಸ್ ಅನ್ನು (ಡೇಟಾಬೇಸ್ ಸಂಪರ್ಕಗಳನ್ನು ತೆರೆದಿಟ್ಟುಕೊಳ್ಳುವ ಪೂಲ್) ಸ್ಪ್ರಿಂಗ್ ಕ್ಲೌಡ್ ಬೇಕಂತಲೇ ರಿಫ್ರೆಶ್‌ನಿಂದ ಹೊರಗಿಟ್ಟಿದೆ. ಪೂಲಿನ ಗರಿಷ್ಠ ಸಂಖ್ಯೆಯನ್ನು ಓಡುತ್ತಿರುವಾಗಲೇ ಜೆಎಂಎಕ್ಸ್ (ಜಾವಾದ ನಿರ್ವಹಣಾ ವ್ಯವಸ್ಥೆ) ಮೂಲಕ ಬದಲಿಸಬಹುದು. ಡೇಟಾಬೇಸ್ ವಿಳಾಸ ಬದಲಿಸಲಾಗದು. ಅದಕ್ಕೆ ರೀಸ್ಟಾರ್ಟೇ ಸರಿ.

ಕಂಟೇನರ್_ಕಿಟ್ಟಿ:
ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ಓಡಿಸುವವರಿಗೆ ಒಂದು ಮಾತು. ಕಾನ್ಫಿಗ್‌ಮ್ಯಾಪ್ (ಅಲ್ಲಿ ಕಾನ್ಫಿಗ್ ಇಡುವ ಜಾಗ) ಅನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಟ್ಟಿದ್ದರೆ ಪಾಡ್ (ಕಂಟೇನರ್ ಓಡುವ ಘಟಕ) ಹೊಸದಾಗಿ ಏಳುವವರೆಗೂ ಬದಲಾಗುವುದಿಲ್ಲ. ಸಬ್‌ಪಾತ್ ಬಳಸಿ ಒಂದೇ ಫೈಲನ್ನು ಮೌಂಟ್ ಮಾಡಿದರೂ (ಕಂಟೇನರ್ ಒಳಗೆ ಜೋಡಿಸಿದರೂ) ಅಷ್ಟೇ. ಮಾಮೂಲಿ ಮೌಂಟ್ ಆದರೆ ಫೈಲ್ ಬದಲಾಗುತ್ತದೆ, ಸ್ವಲ್ಪ ತಡವಾಗಿ. ಅಲ್ಲಿ ಫೈಲ್ ಅನ್ನುವುದು ನಿಜವಾಗಿ ಸಿಮ್‌ಲಿಂಕ್, ಅಂದರೆ ಬೇರೆ ಕಡೆ ಇರುವ ಫೈಲಿಗೆ ಕೈತೋರುವ ಹೆಸರು. ಅದರ ಹಿಂದಿರುವ ಡೈರೆಕ್ಟರಿಯ ಲಿಂಕ್ ಒಂದೇ ಏಟಿಗೆ ಬದಲಾಗುತ್ತದೆ. ವಾಚ್‌ಸರ್ವೀಸ್‌ನಲ್ಲಿ ನಿಮ್ಮ ಫೈಲಿನ ಹೆಸರಿಗೇ ಕಾಯುತ್ತಿದ್ದರೆ ಕಾಯುತ್ತಲೇ ಇರುತ್ತೀರಿ.

ಪಹರೆಯವ:
ಇದು ಗೊತ್ತಿರಲಿಲ್ಲ. ಹುಲಿಯವರು ನಗುತ್ತಿರಬಹುದು.

ರಾತ್ರಿ_ಪಾಳಿ:
ಸರಿ, ರೀಲೋಡ್ ಬೇಕೇ ಬೇಕು ಅಂತಿದ್ದರೆ ಒಂದು ಷರತ್ತು. ಫೈಲ್ ಸೇವ್ ಆದ ಕೂಡಲೇ ಬೇಡ. ಒಬ್ಬರು ಕೇಳಿದಾಗ ಮಾತ್ರ ಆಗಲಿ, ಒಂದೊಂದು ಸರ್ವರ್‌ಗೂ ಬೇರೆ ಬೇರೆಯಾಗಿ. ಆಗ ನನ್ನ ಒಂದಾದ ಮೇಲೊಂದು ಪದ್ಧತಿ ಉಳಿಯುತ್ತದೆ.

ಪಹರೆಯವ:
ಫೈಲ್ ತಿದ್ದಿ ರೀಲೋಡ್ ಕೇಳುವುದನ್ನೇ ಮರೆತರೆ? ಯಾವತ್ತೋ ಬೇರೆ ಕಾರಣಕ್ಕೆ ರೀಸ್ಟಾರ್ಟ್ ಆದಾಗ ಆ ಹಳೆಯ ತಿದ್ದುಪಡಿ ಎದ್ದು ಬರುತ್ತದೆ. ತಿದ್ದಿದವರು ಆಗ ಕೆಲಸದಲ್ಲೇ ಇಲ್ಲದಿರಬಹುದು.

ದಾರದ_ಉಂಡೆ:
ಅದಕ್ಕೆ ಸುಲಭ ದಾರಿ ಇದೆ. ಈಗ ಮೆಮೊರಿಯಲ್ಲಿರುವ ಕಾನ್ಫಿಗ್‌ನ ಚೆಕ್‌ಸಮ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತು) ಮತ್ತು ಓದಿದ ಹೊತ್ತು, ಇವೆರಡನ್ನು ಒಂದು ವಿಳಾಸದಲ್ಲಿ ತೋರಿಸಿ. ಡಿಸ್ಕ್‌ನಲ್ಲಿರುವ ಫೈಲಿಗೆ ತಾಳೆಯಾಗದಿದ್ದರೆ ಅಲರ್ಟ್ ಹೋಗಲಿ. ಮೌಲ್ಯಗಳನ್ನೇ ತೋರಿಸಬೇಡಿ, ಪಾಸ್‌ವರ್ಡ್ ಕೂಡ ಅಲ್ಲೇ ಇರುತ್ತದಲ್ಲ.

ರಾತ್ರಿ_ಪಾಳಿ:
ಇದಾದರೆ ನನ್ನ ತಕರಾರಿಲ್ಲ.

ಹೊಸ_ಚಿಗುರು:
ಹಾಗಾದರೆ ಫೈಲನ್ನು ಎರಡು ಮಾಡುತ್ತೇನೆ. ಡೇಟಾಬೇಸ್, ಪೋರ್ಟ್ ಒಂದರಲ್ಲಿ, ಅದಕ್ಕೆ ರೀಸ್ಟಾರ್ಟ್. ಟೈಮ್‌ಔಟ್, ಫೀಚರ್ ಸಾಲುಗಳು, ಸೇವೆಗಳ ವಿಳಾಸ ಇನ್ನೊಂದರಲ್ಲಿ. ಉಂಡೆಯವರು ಹೇಳಿದ ಹಾಗೆ ಓದಿ, ಪರೀಕ್ಷಿಸಿ, ರೆಫರೆನ್ಸ್ ಬದಲಿಸುವುದು. ಪೋಸ್ಟ್ ಬಂದಾಗ ಮಾತ್ರ. ಟೈಮ್‌ಔಟ್ ಪರೀಕ್ಷೆಗೆ ಸೊನ್ನೆಗಿಂತ ಕಡಿಮೆ ಇದ್ದರೆ ಬೇಡ ಅಂದರೆ ಸಾಕಾ?

ಹಳೇ_ಹುಲಿ:
ಸೊನ್ನೆಯನ್ನೂ ಬಿಡಬೇಡಿ. ಜಾವಾ ಸಾಕೆಟ್‌ನ ರೀಡ್ ಟೈಮ್‌ಔಟ್‌ಗೆ ಸೊನ್ನೆ ಕೊಟ್ಟರೆ ಕೊನೆಯೇ ಇಲ್ಲದೆ ಕಾಯಿ ಅಂತ ಅರ್ಥ. ಆಚೆ ಕಡೆಯ ಸೇವೆ ಸುಮ್ಮನಾದ ದಿನ ನಿಮ್ಮ ಥ್ರೆಡ್‌ಗಳೆಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಮೇಲಿನ ಮಿತಿಯನ್ನೂ ಹಾಕಿ. ಜೊತೆಗೆ ಹಳೆಯ ಮೌಲ್ಯಕ್ಕಿಂತ ತುಂಬಾ ದೂರ ಹಾರಿದ್ದರೆ ರೀಲೋಡ್ ತಡೆದು, ಇನ್ನೊಮ್ಮೆ ಖಚಿತಪಡಿಸು ಅಂತ ಕೇಳಲಿ. ಪಾಳಿಯವರ 300ರ ಉದಾಹರಣೆ ಸಿಕ್ಕಿಬೀಳುವುದು ಅಲ್ಲಿಯೇ.