ಕತ್ತೆಯ ಮೈಮೇಲೆ ಕ್ಲಿಪ್ಪರ್ ಬಿಸಿಯಾಗಿ ಕೂದಲು ಎಳೆಯುತ್ತಿದೆ: ಪರಿಹಾರವೇನು?

ಪ್ರಶ್ನೆ:
ನಮಸ್ಕಾರ. ನಮ್ಮಲ್ಲಿ ಒಂದು ಕುದುರೆ ಮತ್ತು ವಯಸ್ಸಾದ ಒಂದು ಕತ್ತೆ ಇವೆ. ಬೇಸಿಗೆ ಬಂದರೂ ಕತ್ತೆಯ ಉದ್ದ ಕೂದಲು ಉದುರದ ಕಾರಣ, ನಾಯಿಗಳಿಗೆ ಬಳಸುವ ಬ್ಯಾಟರಿ ಕ್ಲಿಪ್ಪರಿನಿಂದಲೇ ಕತ್ತರಿಸಲು ತೊಡಗಿದೆವು. ಕುದುರೆಯ ಕಾಲುಗಳ ಬಳಿ ಚೆನ್ನಾಗಿ ನಡೆಯುವ ಈ ಯಂತ್ರ, ಕತ್ತೆಯ ಬೆನ್ನಿನ ಮೇಲೆ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ಕೂದಲನ್ನು ಎಳೆಯುತ್ತದೆ. ಹೊಸ ಬ್ಲೇಡ್ ಹಾಕಿದರೂ ವ್ಯತ್ಯಾಸವಾಗಲಿಲ್ಲ. ದೊಡ್ಡ ಯಂತ್ರವನ್ನೇ ಕೊಳ್ಳಬೇಕೆ?

ಉತ್ತರ:
ಮೊದಲು ಕತ್ತೆಯ ಮೈಯನ್ನು ಪರೀಕ್ಷಿಸಿ. ಕತ್ತೆಗಳು ದೂಳಿನಲ್ಲಿ ಹೊರಳುವುದರಿಂದ ಕೂದಲ ಬುಡದಲ್ಲಿ ಸೇರುವ ಮಣ್ಣು ಮತ್ತು ಜಿಡ್ಡು ಹೊಸ ಬ್ಲೇಡನ್ನೂ ಬೇಗನೆ ಮೊಂಡಾಗಿಸುತ್ತವೆ. ಹಿಂದಿನ ದಿನವೇ ಮೈತೊಳೆದು, ಬುಡದವರೆಗೆ ಒಣಗಿದ ಮೇಲೆ ಚೆನ್ನಾಗಿ ಬ್ರಷ್ ಮಾಡಿ. ಅನಂತರ ಐದರಿಂದ ಹತ್ತು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿ, ಹಲ್ಲುಗಳ ನಡುವಿನ ಕೂದಲು ತೆಗೆದು, ಕ್ಲಿಪ್ಪರ್ ಎಣ್ಣೆ ಹಾಕಿ, ಬ್ಲೇಡನ್ನು ನಿಮ್ಮ ಮುಂಗೈಗೆ ತಾಗಿಸಿ ನೋಡಿ. ನಿಮಗೆ ಸುಡುವಂತಿದ್ದರೆ ಕತ್ತೆಗೂ ಸುಡುತ್ತದೆ. ಗಾಳಿಕಿಂಡಿಯಲ್ಲಿ ಕೂದಲು ಕಟ್ಟಿಕೊಂಡಿದ್ದರೂ ಮೋಟಾರು ಬಿಸಿಯಾಗುತ್ತದೆ.

ಇಷ್ಟಾದರೂ ಎಳೆದರೆ ದೊಡ್ಡ ಯಂತ್ರ ಬೇಕೆಂದೇ ಅರ್ಥ. ಮುಖ ಮತ್ತು ಕಾಲುಗಳಿಗೆ ಸಾಕಾಗುವ ಸಣ್ಣ ಮೋಟಾರು ಇಡೀ ಮೈಯ ದಟ್ಟ ಕೂದಲಿಗೆ ಸಾಲದು. ಕುದುರೆಗಳಿಗೆಂದೇ ತಯಾರಾದ ಕ್ಲಿಪ್ಪರುಗಳಲ್ಲಿ ಬ್ಲೇಡುಗಳ ಬಿಗಿತ ಹೊಂದಿಸುವ ತಿರುಪು ಇರುತ್ತದೆ. ತಡೆ ತಗಲುವವರೆಗೆ ತಿರುಗಿಸಿ ಸುಮಾರು ಒಂದೂವರೆ ಸುತ್ತು ಸಡಿಲಿಸುವುದು ಹಲವು ಮಾದರಿಗಳ ಕ್ರಮವಾದರೂ, ನಿಮ್ಮ ಯಂತ್ರದ ಕೈಪಿಡಿಯನ್ನೇ ಅನುಸರಿಸಿ. ಬಿಗಿತ ಹೆಚ್ಚಿದರೆ ಬಿಸಿ, ಕಡಿಮೆಯಾದರೆ ಎಳೆತ. ಸಾಣೆ ಹಿಡಿಸುವಾಗ ಮೇಲಿನ ಮತ್ತು ಕೆಳಗಿನ ಬ್ಲೇಡುಗಳನ್ನು ಜೋಡಿಯಾಗಿಯೇ ಕೊಡಬೇಕು.

ಪ್ರಶ್ನೆ:
ಧನ್ಯವಾದಗಳು. ಬ್ಲೇಡ್ ಯಾವುದಿರಲಿ? ಕತ್ತೆ ಅಲುಗಾಡದೆ ನಿಲ್ಲುತ್ತದೆ, ಆದ್ದರಿಂದ ಒಂದೇ ದಿನ ಮುಗಿಸಬಹುದೆ?

ಉತ್ತರ:
ಚರ್ಮದ ಮೇಲೆ ಸ್ವಲ್ಪ ಕೂದಲು ಉಳಿಸುವ ಒರಟು ಬ್ಲೇಡ್ ಆರಿಸಿ. ತೀರಾ ನುಣುಪಾಗಿ ಕತ್ತರಿಸಿದರೆ ಬಿಸಿಲಿಗೂ ನೊಣಗಳಿಗೂ ಚರ್ಮ ತೆರೆದುಕೊಳ್ಳುತ್ತದೆ. ಕೂದಲಿನ ದಿಕ್ಕಿಗೆ ಎದುರಾಗಿ ಸಾಗಿ, ಮೊಣಕೈ ಬಳಿಯ ಮಡಿಕೆಗಳಲ್ಲಿ ಚರ್ಮವನ್ನು ಮೃದುವಾಗಿ ಹಿಗ್ಗಿಸಿ. ಕಿವಿಯೊಳಗಿನ ಕೂದಲು ರಕ್ಷಣೆಗಾಗಿ ಇರುವುದು, ಅದನ್ನು ಮುಟ್ಟಬೇಡಿ. ಕತ್ತೆ ಹೆದರಿದಾಗ ಕುದುರೆಯಂತೆ ಓಡದೆ ಕಲ್ಲಿನಂತೆ ನಿಂತುಬಿಡುವುದುಂಟು, ಹಾಗಾಗಿ ಅಲುಗಾಡದಿರುವುದನ್ನು ಒಪ್ಪಿಗೆ ಎಂದು ತಿಳಿಯದೆ ಕೆಲಸವನ್ನು ಹಲವು ದಿನಗಳಿಗೆ ಹಂಚಿ.

ಕ್ಲಿಪ್ಪರಿಗಿಂತಲೂ ನನಗೆ ಹೆಚ್ಚು ಚಿಂತೆಯಾಗಿರುವುದು, ಬೇಸಿಗೆಯಲ್ಲೂ ಕೂದಲು ಉದುರದಿರುವ ಸಂಗತಿ. ವಯಸ್ಸಾದ ಕತ್ತೆ, ಕುದುರೆಗಳಲ್ಲಿ ಇದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ತೊಂದರೆಯ ಲಕ್ಷಣವಾಗಿರಬಹುದು. ಅದರೊಂದಿಗೆ ಗೊರಸಿನ ಉರಿಯೂತವೂ ಬರಬಹುದು. ದಯವಿಟ್ಟು ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ. ಕೂದಲು ಕತ್ತರಿಸಿದರೆ ಸೆಕೆ ತಗ್ಗಬಹುದು, ಆದರೆ ಆ ರೋಗಕ್ಕೆ ಔಷಧವೇ ಬೇಕು.