ತೆಕಾಟ್ ಕಸೂತಿ: ಎಲೆಯ ತುದಿಯಲ್ಲಿ ಚಿನ್ನದ ದಾರ ಜಾರುತ್ತಿದೆ, ವೆಲ್ವೆಟ್ ಸುಕ್ಕಾಗುತ್ತಿದೆ

ಸೂಜಿಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಾವೀಗ ಮಲೇಷ್ಯಾದ ಪೆರಾಕ್‌ನಲ್ಲಿದ್ದೇವೆ. ಇಲ್ಲಿನ ಸುಲ್ತಾನರ ಊರು ಕ್ವಾಲಾ ಕಂಗ್ಸಾರ್ ತೆಕಾಟ್ ಕಸೂತಿಗೆ ಹೆಸರುವಾಸಿ. ನಮ್ಮ ಬೀದಿಯ ಅಜ್ಜಿಯೊಬ್ಬರು ಅದನ್ನು ನನಗೆ ಕಲಿಸುತ್ತಿದ್ದಾರೆ. ಪೆರಾಕ್ ಕಡೆ ಅಜ್ಜಿಗೆ ಓಪಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ಗೊತ್ತಿಲ್ಲದವರಿಗೆ: ರಟ್ಟಿನಲ್ಲಿ ಹೂವು, ಎಲೆ ಕತ್ತರಿಸಿ ವೆಲ್ವೆಟ್ ಮೇಲೆ ಕೂರಿಸುತ್ತಾರೆ. ಚಿನ್ನದ ದಾರ ಬಟ್ಟೆಯೊಳಗೆ ಹೋಗುವುದೇ ಇಲ್ಲ. ರಟ್ಟಿನ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತದೆ. ಅಂಚಿಗೆ ಬಂದಾಗಲೆಲ್ಲ ಕೆಳಗಿನಿಂದ ಬರುವ ಮಾಮೂಲಿ ದಾರ ಅದನ್ನು ಹಿಡಿದು ಕಟ್ಟುತ್ತದೆ.

ನನ್ನ ತೊಂದರೆ ಎರಡು. ಎಲೆಯ ಚೂಪು ತುದಿಗೆ ಬಂದರೆ ಚಿನ್ನದ ದಾರ ಜಾರಿ ರಟ್ಟು ಇಣುಕುತ್ತದೆ. ಚೌಕಟ್ಟಿನಿಂದ ಬಿಚ್ಚಿದರೆ ಹೂವಿನ ಸುತ್ತ ವೆಲ್ವೆಟ್ ಸುಕ್ಕಾಗುತ್ತದೆ. ಓಪಾ ಕೈಯಿಂದ ತೋರಿಸುತ್ತಾರೆ, ಮಾತು ಕಡಿಮೆ. ನನಗೆ ಮಲಯ್ ಇನ್ನೂ ಅಷ್ಟು ಬರುವುದಿಲ್ಲ.

ಜರಿಯಂಚು:
ನಾನು ಜರ್ದೋಸಿ ಮಾಡುವವಳು, ಹಾಗಾಗಿ ಸುಕ್ಕಿನ ಬಗ್ಗೆ ಧೈರ್ಯವಾಗಿ ಹೇಳುತ್ತೇನೆ. ವೆಲ್ವೆಟ್ ಒಂದನ್ನೇ ಎಳೆದು ಕಟ್ಟಿದ್ದೀರಾ? ಅದು ಹಿಗ್ಗುವ ಬಟ್ಟೆ. ಹಿಗ್ಗಿದಾಗ ಹೊಲಿದು ಬಿಟ್ಟರೆ ಕುಗ್ಗುತ್ತದೆ, ಆದರೆ ರಟ್ಟು ಕುಗ್ಗುವುದಿಲ್ಲವಲ್ಲ. ಮೊದಲು ಕೋರಾ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ. ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಬರಬೇಕು. ಆಮೇಲೆ ವೆಲ್ವೆಟ್ ಅನ್ನು ಎಳೆಯದೆ ಅದರ ಮೇಲೆ ಹಾಸಿ ಹೊಲಿಯಿರಿ.

ಜಾರುವುದಕ್ಕೆ ಎರಡು ಅನುಮಾನ. ಸೂಜಿ ರಟ್ಟಿನಿಂದ ದೂರ ಏಳುತ್ತಿರಬಹುದು, ಅಥವಾ ಚಿನ್ನದ ದಾರವನ್ನೇ ಜಾಸ್ತಿ ಎಳೆಯುತ್ತಿದ್ದೀರಿ. ಹೊಲಿಯುವ ದಾರಕ್ಕೆ ಜೇನುಮೇಣ ಸವರಿ. ಒಂದು ಮಾತು, ಓಪಾ ಅವರ ಎಡಗೈ ನೋಡಿ. ಸುಮ್ನೆ ಬಲಗೈ ಮಾತ್ರ ನೋಡುತ್ತೇವೆ ನಾವು.

ಸೂಜಿಮಲ್ಲಿಗೆ:
ಅಕ್ಕ, ನಿಮ್ಮ ಮಾತು ನಿಜ! ನಾನು ವೆಲ್ವೆಟ್ ಒಂದನ್ನೇ ಕಟ್ಟಿದ್ದೆ. ಓಪಾ ಮನೆಯ ಚೌಕಟ್ಟಿನಲ್ಲಿ ಅಡಿಬಟ್ಟೆ ಮೊದಲೇ ಇರುತ್ತಿತ್ತು, ಅದಕ್ಕೇ ಗಮನಿಸಿರಲಿಲ್ಲ.

ಇವತ್ತು ಎಡಗೈಯನ್ನೇ ನೋಡುತ್ತಾ ಕೂತೆ. ಚಿನ್ನದ ದಾರ ಸುತ್ತಿದ ಚುಬಾನ್ ಎಂಬ ಮರದ ಸಾಧನ ಅವರ ಅಂಗೈಯಲ್ಲಿ ಹಗುರಾಗಿ ಇರುತ್ತದೆ. ಚಿನ್ನದ ದಾರ ಅಂಚು ಮುಟ್ಟಿದ ಕೂಡಲೇ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಒತ್ತುತ್ತಾರೆ. ಆ ಉಗುರಿನ ಪಕ್ಕಕ್ಕೇ ಸೂಜಿ ಎದ್ದು ಬರುತ್ತದೆ, ರಟ್ಟಿಗೆ ತಾಗಿಕೊಂಡೇ. ಚಿನ್ನದ ದಾರವನ್ನು ಎಳೆಯುವುದೇ ಇಲ್ಲ, ಮಲಗಿಸುತ್ತಾರೆ ಅಷ್ಟೇ. ಬಿಗಿ ಎಲ್ಲ ಕೆಳಗಿನ ದಾರಕ್ಕೆ.

ನನ್ನ ರಟ್ಟಿನ ಎಲೆಯನ್ನು ಕೈಗೆ ತೆಗೆದುಕೊಂಡು ಅದರ ಚೂಪು ತುದಿಯನ್ನು ಕತ್ತರಿಯಿಂದ ಅಕ್ಕಿಕಾಳಿನಷ್ಟು ಮೊಂಡು ಮಾಡಿಕೊಟ್ಟರು. ಈಗ ದಾರ ಅಲ್ಲಿ ನಿಲ್ಲುತ್ತದೆ.

ಸುಕ್ಕಾದ ಹಳೆಯ ತುಂಡಿಗೆ ಇಸ್ತ್ರಿ ಹಾಕಬಹುದಾ?

ಜರಿಯಂಚು:
ಬೇಡವೇ ಬೇಡ! ವೆಲ್ವೆಟ್‌ನ ನವಿರು ಮಲಗಿಬಿಡುತ್ತದೆ, ಮತ್ತೆ ಏಳುವುದು ಕಷ್ಟ. ಹೂವಿನ ಒಂದು ಬದಿಯ ಕಟ್ಟು ಹೊಲಿಗೆ ಬಿಚ್ಚಿ, ಅಡಿಬಟ್ಟೆ ಕೊಟ್ಟು ಮತ್ತೆ ಕಟ್ಟಿ ನೋಡಿ. ಚಿನ್ನದ ದಾರ ಮಡಚಿದ ಕಡೆ ಒಳಗಿನ ನೂಲು ಕಂಡರೆ ಆ ದಾರ ಬಿಡಿ, ಹೊಸದು ಹಾಕಿ. ಮೊಂಡು ತುದಿಯ ವಿಷಯ ನನಗೂ ಹೊಸದು, ನಾಳೆಯೇ ಮಾಡಿ ನೋಡುತ್ತೇನೆ. ಓಪಾ ಅವರಿಗೆ ನನ್ನ ನಮಸ್ಕಾರ ತಿಳಿಸಿ.