ಮಳೆಗಾಲದಲ್ಲಿ ಚರ್ಮದ ಬೂಟು ಉಳಿಸ್ಕೊಳ್ಳುದು ಹೇಗೆ? ಗೊತ್ತಿದ್ದವರು ಅನುಭವ ಹೇಳಿ

ಬದಿಯಡ್ಕದಿಂದ ಪ್ರಶ್ನೆ

ದಿನಾ ಬೈಕಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವ ನಾನು. ಹೋದ ಡಿಸೆಂಬರಲ್ಲಿ ಸ್ವಲ್ಪ ಜಾಸ್ತಿಯೇ ದುಡ್ಡು ಕೊಟ್ಟು ಒಂದು ಜೊತೆ ಚರ್ಮದ ಬೂಟು ತಗೊಂಡೆ, ಗಂಟಿನ ಮೇಲೆ ಬರುವಂಥದ್ದು. ಮಳೆ ಶುರುವಾಗಿ ಹದಿನೈದು ದಿನ ಆಗ್ಲಿಲ್ಲ, ಒಳಗೂ ಹೊರಗೂ ಬಿಳಿ ಬೂಷ್ಟು. ಅದು ಸಾಲದು ಅಂತ ಬಲಗಾಲಿನ ಕಿರುಬೆರಳು ಉಜ್ಜಿ ಉಜ್ಜಿ ಚರ್ಮ ದಪ್ಪ ಆಗಿದೆ, ಹಿಮ್ಮಡಿ ಮಾತ್ರ ನಡೆಯುವಾಗ ಒಳಗೆ ಎದ್ದೆದ್ದು ಬರ್ತದೆ. ಅಮ್ಮ ತೆಂಗಿನೆಣ್ಣೆ ಹಚ್ಚು ಅಂತಾರೆ, ದೋಸ್ತಿ ಬಚ್ಚಲೊಲೆ ಹತ್ರ ಇಡು ಅಂತಾನೆ. ಎಂತ ಮಾಡುದು? ಇಷ್ಟು ಬೇಗ ಹಾಳು ಮಾಡ್ಲಿಕ್ಕೆ ಮನಸ್ಸಿಲ್ಲ.

ಕುಂಬಳೆಯಿಂದ

ತಮ್ಮಾ, ಉಳಿದದ್ದು ಆಮೇಲೆ ನೋಡುವ, ಬಚ್ಚಲೊಲೆ ಹತ್ರ ಮಾತ್ರ ಇಡ್ಬೇಡ. ನಾನು ಗಲ್ಫಲ್ಲಿ ಹದಿನಾಲ್ಕು ವರ್ಷ ಸೈಟಲ್ಲಿ ಕೆಲಸ ಮಾಡಿದವ, ದಿನಕ್ಕೆ ಹತ್ತು ಗಂಟೆ ಬೂಟಲ್ಲೇ ಇದ್ದ ಕಾಲು ಇದು, ಆದ್ರೂ ಊರಿಗೆ ಬಂದ ಮೊದಲ ಮಳೆಗಾಲದಲ್ಲಿ ನೀನು ಈಗ ಮಾಡ್ಬೇಕು ಅಂತ ಇದ್ದೀಯಲ್ಲ ಅದೇ ತಪ್ಪು ಮಾಡಿದ್ದೆ. ರಾತ್ರಿ ನೆನೆದ ಬೂಟನ್ನು ಹಂಡೆ ಒಲೆಯ ಪಕ್ಕ ಇಟ್ಟು ಮಲಗಿದೆ, ಬೆಳಿಗ್ಗೆ ನೋಡಿದ್ರೆ ಬೆರಳಿನ ಕಡೆ ಮೇಲೆ ಎದ್ದು ನಿಂತಿತ್ತು. ಅಡಿಕೆ ಹಾಳೆ ನೋಡಿದ್ದೀಯಲ್ಲ, ಹಸಿ ಇರುವಾಗ ಹೇಗೆ ಬೇಕಾದ್ರೂ ಬಗ್ಗಿಸ್ಬಹುದು, ಬಿಸಿಲಿಗೆ ಬಿದ್ದು ಒಣಗಿದ ಹಾಳೆ ಬಗ್ಗಿಸಿದ್ರೆ ಚಟ್ ಅಂತ ಸೀಳ್ತದೆ. ಚರ್ಮವೂ ಹಾಗೆಯೇ. ಒದ್ದೆ ಚರ್ಮಕ್ಕೆ ಜೋರು ಬಿಸಿ ತಾಗಿದ್ರೆ ಒಳಗಿನ ನಾರು ಕುಗ್ಗಿ ಗಟ್ಟಿ ಆಗ್ತದೆ, ಮತ್ತೆ ಎಷ್ಟು ಎಣ್ಣೆ ಹಾಕಿದ್ರೂ ಮೊದಲಿನ ಹಾಗೆ ಆಗುದಿಲ್ಲ. ಅಂಟಿಸಿದ ಸೋಲ್ ಆದ್ರೆ ಗಮ್ಮೂ ಬಿಡ್ತದೆ.

ಈಗ ನಾನು ಮಾಡುದು ಹೀಗೆ. ಮನೆಗೆ ಬಂದ ಕೂಡ್ಲೆ ಕೆಸರು ಇದ್ರೆ ಒದ್ದೆ ಬಟ್ಟೆಯಲ್ಲಿ ಒರೆಸುದು, ಹೆದ್ದಾರಿ ಕೆಲಸದ ಆ ಕೆಂಪು ಕೆಸರು ಒಣಗ್ಲಿಕ್ಕೆ ಬಿಡ್ಲೇಬಾರದು, ಅದು ಒಣಗುವಾಗ ಚರ್ಮದ ಪಸೆಯನ್ನೂ ಎಳ್ಕೊಳ್ತದೆ. ಲೇಸ್ ಪೂರ್ತಿ ಸಡಿಲ ಮಾಡಿ, ನಾಲಗೆ ಮುಂದಕ್ಕೆ ಎಳೆದು, ಒಳಗಿನ ಇನ್‌ಸೋಲ್ ತೆಗೆದು ಬೇರೆ ಇಡುದು. ಪೇಪರ್ ಉಂಡೆ ಮಾಡಿ ತುಂಬಿಸುದು, ಬಿಗಿದು ತುರುಕುದಲ್ಲ, ಆಕಾರ ನಿಲ್ಲುವಷ್ಟು. ಒಂದು ಗಂಟೆಯಲ್ಲಿ ಆ ಪೇಪರ್ ಒದ್ದೆ ಆಗಿರ್ತದೆ, ತೆಗೆದು ಹೊಸತು ಹಾಕ್ಬೇಕು, ಮಲಗುವ ಮೊದಲು ಇನ್ನೊಮ್ಮೆ. ಹೆಚ್ಚಿನವರು ಒಮ್ಮೆ ತುಂಬಿಸಿ ಬೆಳಿಗ್ಗೆವರೆಗೆ ಬಿಡ್ತಾರೆ, ಆಗ ಒದ್ದೆ ಪೇಪರೇ ಬೂಷ್ಟಿಗೆ ಹಾಸಿಗೆ. ಬೂಟನ್ನು ಅಡ್ಡ ಮಲಗಿಸಿ ಫ್ಯಾನ್ ಕೆಳಗೆ ಇಡು, ಅಡಿಗೂ ಗಾಳಿ ಸಿಗ್ಲಿ. ಪೂರ್ತಿ ಒಣಗ್ಲಿಕ್ಕೆ ಎರಡು ದಿನ ಬೇಕು. ಹಾಗಾಗಿ ದಿನಾ ಒಂದೇ ಜೊತೆ ಹಾಕುವವರ ಬೂಟು ಬೇಗ ಹೋಗುದು, ಎರಡು ಜೊತೆ ಇಟ್ಟು ಒಂದು ದಿನ ಬಿಟ್ಟು ಒಂದು ದಿನ ಹಾಕಿದ್ರೆ ಎರಡೂ ಜಾಸ್ತಿ ಬಾಳ್ತವೆ. ಜೋರು ಮಳೆಯ ಎರಡು ತಿಂಗಳಿಗೆ ಬೈಕಿಗೆ ಒಂದು ರಬ್ಬರ್ ಬೂಟು ತಗೊಂಡು ಚರ್ಮದ್ದಕ್ಕೆ ರಜೆ ಕೊಟ್ರೂ ನಡೀತದೆ.

ಬೂಷ್ಟು ಬಂದದ್ದಕ್ಕೆ: ಮನೆಯೊಳಗೆ ಉಜ್ಜಬೇಡ, ಅದರ ಹುಡಿ ಹಾರಿ ಕಪಾಟಿನ ಬೆಲ್ಟು ಬ್ಯಾಗಿಗೂ ಹಿಡೀತದೆ. ಜಗಲಿಯಿಂದ ಹೊರಗೆ ಹೋಗಿ ಮೂಗಿಗೆ ಬಟ್ಟೆ ಕಟ್ಟಿ ಒಣ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಬಿಸಾಡು. ಮತ್ತೆ ಬಿಳಿ ವಿನೆಗರ್ ಅರ್ಧ ನೀರು ಅರ್ಧ ಬೆರೆಸಿ, ಬಟ್ಟೆ ಹಿಂಡಿ ಒರೆಸುದು, ಹೊಲಿಗೆ ಸಾಲಿಗೆ ಹಳೇ ಹಲ್ಲುಜ್ಜುವ ಬ್ರಶ್. ಮೊದ್ಲು ನಾಲಗೆಯ ಒಳಬದಿ ಒಂದು ಮೂಲೆಯಲ್ಲಿ ಹಚ್ಚಿ ಬಣ್ಣ ಹೋಗ್ತದಾ ನೋಡು. ಒಣಗಿದ ಮೇಲೆಯೇ ಪಾಲಿಶ್. ಒದ್ದೆ ಇರುವಾಗ ಪಾಲಿಶ್ ಹಾಕಿದ್ರೆ ನೀರನ್ನು ಒಳಗೆ ಹಾಕಿ ಬಾಗಿಲು ಹಾಕಿದ ಹಾಗೆ.

ಪೆರ್ಲದಿಂದ

ತೆಂಗಿನೆಣ್ಣೆ ಬಗ್ಗೆ ನಾನು ಹೇಳ್ತೇನೆ, ಯಾಕಂದ್ರೆ ನಮ್ಮ ಅಪ್ಪ ಜೀವಮಾನವಿಡೀ ಅದನ್ನೇ ಹಚ್ಚಿದವರು. ಹಚ್ಚಿದ ದಿನ ತುಂಬಾ ಚಂದ ಕಾಣ್ತದೆ, ಮೆತ್ತಗೂ ಆಗ್ತದೆ. ಆದ್ರೆ ಕಂದು ಬೂಟು ಕಪ್ಪಾಗ್ತದೆ, ಆ ಬಣ್ಣ ಹಿಂದೆ ಬರುದಿಲ್ಲ, ಜಾಸ್ತಿ ಆದ್ರೆ ಗಂಟಿನ ಹತ್ರ ಚರ್ಮ ಜೋತು ಬಿದ್ದು ಆಕಾರವೇ ಹೋಗ್ತದೆ, ಧೂಳು ಹಿಡೀತದೆ, ಒಂದು ತಿಂಗಳಲ್ಲಿ ಕಮಟು ವಾಸನೆ. ನಮ್ಮ ಮಳೆಗಾಲದಲ್ಲಿ ಆ ಎಣ್ಣೆ ಪಸೆಯ ಮೇಲೆ ಬೂಷ್ಟು ಇನ್ನೂ ಖುಷಿಯಲ್ಲಿ ಬರ್ತದೆ. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ ತಪ್ಪಿಸಿ.

ನಮ್ಮಲ್ಲಿ ಜೇನು ಪೆಟ್ಟಿಗೆ ಉಂಟು. ಹಿಂಡಿ ಉಳಿದ ಎರಿಯಿಂದ ಮೇಣ ತೆಗೆದು, ಒಂದು ಪಾಲು ಮೇಣಕ್ಕೆ ಮೂರು ಪಾಲು ಹರಳೆಣ್ಣೆ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಡಬ್ಬಿಯಲ್ಲಿ ಹಾಕಿಡ್ತೇನೆ. ನೇರ ಬೆಂಕಿಗೆ ಇಡ್ಬಾರದು. ಕಡ್ಲೆಬೇಳೆಯಷ್ಟು ತಗೊಂಡು ಬೆರಳಿನ ಬಿಸಿಗೆ ಕರಗಿಸಿ ತೆಳ್ಳಗೆ ಹಚ್ಚುದು, ಸೋಲ್ ಮತ್ತೆ ಚರ್ಮ ಸೇರುವ ಗೆರೆಗೆ ಚೂರು ಜಾಸ್ತಿ, ನೀರು ಹೋಗುದು ಅಲ್ಲಿಂದಲೇ. ಅರ್ಧ ಗಂಟೆ ಬಿಟ್ಟು ಬ್ರಶ್. ಮೇ ತಿಂಗಳ ಕೊನೆಗೆ ಒಮ್ಮೆ, ಮಳೆ ನಡುವೆ ಚರ್ಮ ಒಣಗಿದ ಹಾಗೆ ಕಂಡ್ರೆ ಇನ್ನೊಮ್ಮೆ, ಅಷ್ಟೇ ಸಾಕು. ರೋಮ ರೋಮ ಇರುವ ಸ್ವೇಡ್ ಬೂಟಿಗೆ ಇದನ್ನು ತಾಗಿಸ್ಲೇಬೇಡಿ, ಅದಕ್ಕೆ ಒಣ ಬ್ರಶ್ ಮಾತ್ರ.

ಮತ್ತೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡುದು, ಬಾಗಿಲು ಹಾಕಿದ ಶೂ ರ‍್ಯಾಕು ಎರಡೂ ಬೇಡ. ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ತೆರೆದ ಹಲಗೆ ಮೇಲೆ ಇಡಿ.

ಕಾಸರಗೋಡಿನಿಂದ

ಬೆರಳು ಉಜ್ಜುವ ವಿಷಯಕ್ಕೆ ಯಾರೂ ಕೈ ಹಾಕ್ಲಿಲ್ಲ, ನಾನು ಚಪ್ಪಲಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಇದು ನಾವು ದಿನಾ ನೋಡುವ ಕೇಸು. ಒಂದು ಕೆಲಸ ಮಾಡಿ. ಬೂಟಿನ ಇನ್‌ಸೋಲ್ ಹೊರಗೆ ತೆಗೆದು ನೆಲದಲ್ಲಿಟ್ಟು, ಸಂಜೆ ಹೊತ್ತು, ಹಾಕುವ ಸಾಕ್ಸ್ ಹಾಕಿಯೇ ಅದರ ಮೇಲೆ ಎರಡೂ ಕಾಲಿಗೆ ಸಮ ಭಾರ ಕೊಟ್ಟು ನಿಲ್ಲಿ. ಕಿರುಬೆರಳು ಇನ್‌ಸೋಲಿನ ಅಂಚಿನಿಂದ ಹೊರಗೆ ಚಾಚಿದ್ರೆ ಬೂಟಿನ ಅಗಲ ಸಾಲುದಿಲ್ಲ ಅಂತ ಅರ್ಥ. ಮುಂದೆ ಹೆಬ್ಬೆರಳಿಂದ ಆಚೆ ಒಂದು ಹೆಬ್ಬೆರಳಿನ ಅಗಲ ಜಾಗ ಇರ್ಬೇಕು. ಸಂಜೆ ಯಾಕಂದ್ರೆ ದಿನವಿಡೀ ನಿಂತು ನಡೆದು ಕಾಲು ಸ್ವಲ್ಪ ಊದಿರ್ತದೆ, ಬೆಳಿಗ್ಗೆ ಅಂಗಡಿಗೆ ಬಂದು ಸರಿ ಉಂಟು ಅಂತ ತಗೊಂಡು ಹೋದವರೇ ಸಾಯಂಕಾಲ ಫೋನ್ ಮಾಡುದು.

ಅಗಲ ಸಾಲದಿದ್ರೆ ಜನ ಮುಂದಿನ ನಂಬರ್ ತಗೊಳ್ತಾರೆ. ನಮ್ಮಲ್ಲಿ ನಡೆಯುದು ಯುಕೆ ನಂಬರು, ಅದರಲ್ಲಿ 7ರಿಂದ 8ಕ್ಕೆ ಹೋದ್ರೆ ಉದ್ದ ಇಂಚಿನ ಮೂರನೇ ಒಂದು ಪಾಲು, ಅಂದ್ರೆ ಸುಮಾರು 8.5 ಮಿಲಿಮೀಟರ್ ಜಾಸ್ತಿ ಆಗ್ತದೆ, ಅಗಲ ಅಷ್ಟು ಏರುದಿಲ್ಲ. ಹಾಗಾಗಿ ಕಿರುಬೆರಳೂ ಉಜ್ಜುದು, ಹಿಮ್ಮಡಿಯೂ ಏಳುದು, ನಿಮ್ಮದು ಅದೇ ಅಂತ ನನಗೆ ಕಾಣ್ತದೆ. ತಪ್ಪು ನಿಮ್ಮ ಕಾಲಿನದ್ದಲ್ಲ. ಚೆನ್ನೈಯ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021-22ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಾಗಲೂ ನಮ್ಮವರ ಪಾದ ಅಗಲ ಜಾಸ್ತಿ ಅಂತಲೇ ಸಿಕ್ಕಿದ್ದು, ಅದಕ್ಕೇ ಭಾರತಕ್ಕೆ ಬೇರೆ ಅಳತೆ, 'ಭ' ಅಂತ ಹೆಸರಿಟ್ಟು ಮುಂದಿಟ್ಟದ್ದು.

ಈಗ ಇದ್ದದ್ದಕ್ಕೆ ಪರಿಹಾರ ಉಂಟು. ಒಳ್ಳೆ ಬೂಟು ರಿಪೇರಿಯವರ ಹತ್ರ ಮರದ ಅಚ್ಚು ಇರ್ತದೆ, ಕಿರುಬೆರಳು ತಾಗುವ ಜಾಗಕ್ಕೆ ಹೊರಗಿನಿಂದ ಚಾಕ್ ಗುರುತು ಹಾಕಿ ಕೊಡಿ, ಎರಡು ದಿನ ಅಚ್ಚಿನಲ್ಲಿ ಬಿಟ್ರೆ ಅಷ್ಟು ಭಾಗ ಸ್ವಲ್ಪ ಹಿಗ್ಗುತ್ತದೆ. ಅಗಲ ಹಿಗ್ಗುತ್ತದೆ, ಉದ್ದ ಹಿಗ್ಗುದಿಲ್ಲ, ಉದ್ದ ಮಾಡಿ ಕೊಡ್ತೇನೆ ಅಂದವರನ್ನು ನಂಬ್ಬೇಡಿ.

ಹಿಮ್ಮಡಿ ಏಳುದಕ್ಕೆ ಲೇಸ್ ಕಟ್ಟುವ ಕ್ರಮ ಬದಲಿಸಿ. ಮೊದ್ಲು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಬಡಿದು ಹಿಂದಕ್ಕೆ ಕೂರಿಸಿ. ಪಾದದ ಮೇಲೆ ಲೇಸ್ ಸಡಿಲವೇ ಇರ್ಲಿ, ಕಾಲು ಮಡಚುವ ಜಾಗಕ್ಕೆ ಬಂದಾಗ ಎರಡು ಲೇಸನ್ನು ಒಂದರ ಮೇಲೊಂದು ಎರಡು ಸುತ್ತು ಸುತ್ತಿ ಬಿಗಿದು ಎಳೀರಿ, ಒಂದು ಸುತ್ತಲ್ಲ ಎರಡು. ಆ ಸುತ್ತು ಜಾರುದಿಲ್ಲ. ಅಲ್ಲಿಂದ ಮೇಲೆ ಮಾಮೂಲಿ ಕಟ್ಟಿ. ಕೆಳಗೆ ಬೆರಳಿಗೆ ಜಾಗ, ಮೇಲೆ ಹಿಮ್ಮಡಿಗೆ ಹಿಡಿತ. ಹೊಸ ಬೂಟಲ್ಲಿ ಸೋಲ್ ಬಗ್ಗಲಿಕ್ಕೆ ಕಲಿಯುವವರೆಗೆ ಹಿಮ್ಮಡಿ ಚೂರು ಏಳುದು ಸಹಜ, ಬೊಕ್ಕೆ ಬರುವಷ್ಟು ಎದ್ರೆ ಮಾತ್ರ ತೊಂದರೆ.

ಕುಂಬಳೆಯಿಂದ

ಒಂದು ಬಿಟ್ಟುಹೋಯ್ತು. ಗಲ್ಫಿಂದ ಬರುವಾಗ ಒಂದು ಜೊತೆ ಹೊಸ ಸೇಫ್ಟಿ ಬೂಟು ಪೆಟ್ಟಿಗೆ ಸಮೇತ ತಂದು ಜೋಪಾನ ಮಾಡಿ ಅಟ್ಟದಲ್ಲಿ ಇಟ್ಟಿದ್ದೆ. ಐದಾರು ವರ್ಷ ಬಿಟ್ಟು ತೋಟಕ್ಕೆ ಅಂತ ಹಾಕಿ ಹತ್ತು ಹೆಜ್ಜೆ ಇಟ್ಟೆ, ಸೋಲ್ ನೆನೆದ ರಸ್ಕಿನ ಹಾಗೆ ತುಂಡು ತುಂಡಾಗಿ ಅಂಗಳದಲ್ಲಿ ಉದುರಿತು. ಮೇಲಿನ ಚರ್ಮ ಹೊಸತೇ. ಆಮೇಲೆ ಗೊತ್ತಾದದ್ದು, ಪಿಯು ಅಂದ್ರೆ ಪಾಲಿಯುರೇಥೇನ್ ಅನ್ನುವ ಒಂದು ನಮೂನೆ ಪ್ಲಾಸ್ಟಿಕ್, ಆ ಸೋಲಿಗೆ ಗಾಳಿಯ ತೇವವೇ ಶತ್ರು, ಹಾಕದೆ ಇಟ್ರೂ ಒಳಗಿಂದೊಳಗೆ ಒಡೀತಾ ಹೋಗ್ತದೆ, ಹಾಕದೆ ಇಟ್ರೆ ಇನ್ನೂ ಬೇಗ. ರಬ್ಬರ್ ಸೋಲಿಗೆ ಈ ಕಾಯಿಲೆ ಇಲ್ಲ. ಮುಂದಿನ ಸಲ ತಗೊಳ್ಳುವಾಗ ಸೋಲ್ ಹೊಲಿದದ್ದಾ ಅಂಟಿಸಿದ್ದಾ, ರಬ್ಬರಾ ಪಿಯುವಾ ಕೇಳು. ಹೊಲಿದ ರಬ್ಬರ್ ಸೋಲ್ ಸವೆದ್ರೆ ಬದಲಿಸ್ಬಹುದು, ಎರಕ ಹೊಯ್ದ ಪಿಯು ಹೋದ್ರೆ ಬೂಟೇ ಹೋಯ್ತು.

ಮುಳ್ಳೇರಿಯಾದಿಂದ

ತೋಟ ಇರುವವರಿಗೆ ಒಂದು ಮಾತು, ಅಡಿಕೆಗೆ ಮದ್ದು ಬಿಡುವ ದಿನ ಚರ್ಮದ ಬೂಟು ಹಾಕಿ ಮರದಡಿ ಹೋಗ್ಬೇಡಿ. ಆ ಬೋರ್ಡೋ ಮದ್ದಲ್ಲಿ ಮೈಲುತುತ್ತು ಮತ್ತೆ ಸುಣ್ಣ, ಎರಡೂ ಉಂಟಲ್ಲ. ನೀಲಿ ಕಲೆ ನನಗೆ ಇವತ್ತಿಗೂ ಹೋಗ್ಲಿಲ್ಲ. ಗಮ್‌ಬೂಟೇ ಸರಿ.

ಬದಿಯಡ್ಕದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್‌ಸೋಲ್ ಮೇಲೆ ನಿಂತು ನೋಡಿದೆ, ಬಲಗಾಲಿನ ಕಿರುಬೆರಳು ಅರ್ಧದಷ್ಟು ಹೊರಗೆ, ಎಡದ್ದು ಸರಿಯಾಗಿ ಕೂರ್ತದೆ. ನನ್ನ ಎರಡು ಕಾಲು ಬೇರೆ ಬೇರೆ ಅಂತ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಎರಡು ಸುತ್ತಿನ ಗಂಟು ಇವತ್ತು ಹಾಕಿ ಹೋದೆ, ಹಿಮ್ಮಡಿ ನಿಂತಿತು. ಬಲದ್ದು ಮಾತ್ರ ಶನಿವಾರ ಅಚ್ಚಿಗೆ ಕೊಡ್ತೇನೆ. ಪೆರ್ಲದ ಅಕ್ಕಾ, ನಿಮ್ಮ ಹತ್ರ ಜೇನುಮೇಣ ಒಂದು ನೂರು ಗ್ರಾಂ ಸಿಗಬಹುದಾ, ನಾನೇ ಬಂದು ತಗೊಂಡು ಹೋಗ್ತೇನೆ.